ಗುರುವಯ್ಯನ ನಿಶಾನಿ

ನನ್ನ ಸಹಿ ಎರಡು ಸಲ ಒಂದೇ ಥರ ಬರುವುದಿಲ್ಲ. ಇದನ್ನು ಡೈರಿಯಲ್ಲಿ ಬಿಟ್ಟರೆ ಎಲ್ಲೂ ಹೇಳಿಕೊಂಡಿರಲಿಲ್ಲ. ಪದವಿ ಪ್ರಮಾಣಪತ್ರ ಈಸಿಕೊಳ್ಳುವಾಗ ಕಾಲೇಜಿನ ಗುಮಾಸ್ತರು ಕನ್ನಡಕ ಏರಿಸಿ, “ಇದೂ ನಿಂದೇನಮ್ಮ?” ಎಂದು ಕೇಳಿದ್ದರು. ತನುಜಾ ಅಂತ ಇರುವುದೇ ಮೂರಕ್ಷರ. ಕೊನೆಯ ಅಕ್ಷರದ ಬಾಲ ಒಮ್ಮೆ ಮೇಲೆ ಹೋಗುತ್ತದೆ, ಒಮ್ಮೆ ಕೆಳಗೆ. ಯಾರಾದರೂ ನೋಡುತ್ತಿದ್ದರಂತೂ ಕೈ ನನ್ನದೇ ಅಲ್ಲ ಅನ್ನಿಸುತ್ತದೆ. ಹಾಗಾಗಿ ೨೦೦೧ರ ಫೆಬ್ರವರಿಯಲ್ಲಿ ಅಪ್ಪ, “ಹಳೇ ಕಾಗದ ಓದಿ, ಶುದ್ಧಪ್ರತಿ ಮಾಡಿ, ಕೆಳಗೊಂದು ಸಹಿ ಹಾಕ್ಕೊಡು ಸಾಕು” ಎಂದಾಗ ಕಾಲೇಜಿನಲ್ಲಿ ಹಳೆಯ ಕೈಬರಹ ಓದಲು ಕಲಿತಿದ್ದ ನನಗೆ ಹೆದರಿಕೆಯಾದದ್ದು ಓದುವುದಕ್ಕಲ್ಲ, ಸಹಿಗೆ.

ಆ ವರ್ಷ ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದರು. ಹೆಸರು ಒಂದಕ್ಷರ ತಪ್ಪಾಗಿ ಕೂತರೂ ಜಮೀನು ಹೋಯಿತು ಎಂಬ ಗಾಬರಿಯಲ್ಲಿ ಮೂಡಿಗೆರೆಯ ತಾಲ್ಲೂಕು ಕಚೇರಿ ಮುಂದೆ ಎಸ್ಟೇಟ್ ಜೀಪುಗಳು ಸಾಲು ನಿಂತಿರುತ್ತಿದ್ದವು. ನಮ್ಮದು ಜಾವಳಿಯಲ್ಲಿ ಎರಡೆಕರೆ ಕಾಫಿ, ‘ಗಾಣದ ಹಕ್ಕಲು’ ಅಂತ ಅದರ ಹೆಸರು. ನಮ್ಮ ವಂಶದ ಮೂಲಪುರುಷ ಗುರುವಯ್ಯ ಅಲ್ಲಿ ಎಣ್ಣೆ ಗಾಣ ಆಡಿಸುತ್ತಿದ್ದನಂತೆ. ಅವನ ಮಗ ರುದ್ರಪ್ಪ, ಎಂದರೆ ನನ್ನ ಮುತ್ತಜ್ಜ, ಮೂಡಿಗೆರೆ ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟ. ಎಣ್ಣೆ ತೆಗೆದವರನ್ನು ನಮ್ಮಲ್ಲಿ ಯಾರೂ ನೋಡಿಲ್ಲ. ಆದರೂ ಪೇಟೆಗೆಲ್ಲ ನಾವು ಇವತ್ತಿಗೂ ಗಾಣದವರು.

ಆ ಹಕ್ಕಲಿನ ಮೂಲೆಯಲ್ಲಿ ತಿಮ್ಮಮ್ಮ ಎಂಬ ಮುದುಕಿ ಮೂವತ್ತು ವರ್ಷದಿಂದ ಒಂದು ಸಣ್ಣ ಮನೆ ಕಟ್ಟಿಕೊಂಡಿದ್ದರು. ಕಂಪ್ಯೂಟರಿನ ಸುದ್ದಿ ಕೇಳಿ ಅವರೊಂದು ತಕರಾರು ಅರ್ಜಿ ಕೊಟ್ಟರು. ಗಾಣದ ಗುರುವಯ್ಯ ನನ್ನ ತಾಯಿಯ ತಂದೆ, ಜಾಗ ನನ್ನದು, ನನ್ನ ತಾಯಿಯನ್ನು ಚಿಕ್ಕಂದಿನಲ್ಲಿ ಸಾಕಿದ ಚರ್ಚಿನವರಿಗೆ ಎಲ್ಲಾ ಗೊತ್ತು ಎಂದು ಬರೆಸಿದ್ದರು. ಅವರ ಕೈಯಲ್ಲಿ ಒಂದು ಚೂರು ಕಾಗದವಿರಲಿಲ್ಲ. ನನ್ನಣ್ಣ ಶಶಿಧರ್ ವಿಚಾರಣೆಯ ಮರುದಿನಕ್ಕೇ ಜೆಸಿಬಿ ಹೇಳಿಟ್ಟಿದ್ದ.

ರೆಕಾರ್ಡ್ ರೂಮಿನ ಅಟೆಂಡರ್ ಲಕ್ಕಯ್ಯನವರು ಕೆಂಪು ಬಟ್ಟೆಯ ಕಟ್ಟು ಬಿಚ್ಚಿ ಧೂಳು ಊದಿದರು. “ಈ ಬರಹ ಓದೋರು ಈಗ ಆಫೀಸಲ್ಲಿ ಯಾರೂ ಇಲ್ಲ ಮಾರಾಯ್ತಿ. ಸಾಹೇಬ್ರಿಗೂ ಬರಲ್ಲ. ಒಂದು ಮಾತು ನೆನಪಿಟ್ಕೋ. ಗೊತ್ತಾಗದ ಕಡೆ ಊಹೆ ಮಾಡಿ ಬರೀಬೇಡ, ಖಾಲಿ ಬಿಡು.”

ಕಟ್ಟಿನಲ್ಲಿ ಗುರುವಯ್ಯನ ಹೆಸರಿನ ಎರಡು ಕಾಗದ ಸಿಕ್ಕವು. ಮೊದಲನೆಯದು ೧೯೧೧ರದು. ದೇವಸ್ಥಾನದ ದೀಪಕ್ಕೆ ವರ್ಷವಿಡೀ ಎಣ್ಣೆ ಒದಗಿಸುತ್ತೇನೆಂದು ಗುರುವಯ್ಯ ಒಪ್ಪಿದ ಪತ್ರ. ಕೆಳಗೆ ಗುಮಾಸ್ತ ಎಡಕ್ಕೆ ‘ಗುರುವಯ್ಯನ’ ಎಂದೂ ಬಲಕ್ಕೆ ‘ನಿಶಾನಿ’ ಎಂದೂ ಬರೆದು ನಡುವೆ ಜಾಗ ಬಿಟ್ಟಿದ್ದ. ಆ ಜಾಗದಲ್ಲಿ ಒಂದು ದುಂಡನೆಯ ಗೆರೆ, ಅದರೊಳಗಿಂದ ಓರೆಯಾಗಿ ಎದ್ದ ಒಂದು ಕೋಲು.

“ಗಾಣ ಅದು,” ಎಂದರು ಲಕ್ಕಯ್ಯ. “ಅಕ್ಷರ ಬರದೋರು ತಮ್ಮ ಕಸುಬಿನ ಗುರುತು ಹಾಕೋರು. ಬೇಸಾಯದೋನು ನೇಗಿಲು, ಕ್ಷೌರದೋನು ಕತ್ತಿ, ಹೆಂಗಸರಾದ್ರೆ ಬಳೆ. ಜೀವಮಾನ ಇಡೀ ಅದೊಂದೇ. ಕಣ್ಣು ಮುಚ್ಕೊಂಡು ಹಾಕಿದ್ರೂ ಕೈ ಅದನ್ನೇ ಬರೀತದೆ.”

ನನಗೆ ಹೊಟ್ಟೆಕಿಚ್ಚಾಯಿತು. ಅಕ್ಷರ ಬರದ ಗುರುವಯ್ಯನಿಗೆ ಇದ್ದ ಕೈ ನನಗಿರಲಿಲ್ಲ.

ಎರಡನೆಯದು ೧೯೧೯ರ ಜನವರಿಯ ಹೇಳಿಕೆ. ‘ನನಗೆ ಸಂತಾನವಿಲ್ಲದ್ದರಿಂದ ರುದ್ರಪ್ಪನನ್ನು ಸಾಕುಮಗನೆಂದು ಒಪ್ಪಿಕೊಂಡು, ಗಾಣದ ಹಕ್ಕಲನ್ನು ಅವನ ಹೆಸರಿಗೆ ಬಿಟ್ಟಿರುತ್ತೇನೆ.’ ಸಾಕುಮಗ ಎಂಬುದನ್ನು ಮನೆಯಲ್ಲಿ ಯಾರೂ ಹೇಳಿರಲಿಲ್ಲ. ನಮ್ಮ ಹಕ್ಕೆಲ್ಲ ಈ ಒಂದು ಹಾಳೆಯ ಮೇಲೆ ನಿಂತಿತ್ತು. ಕೆಳಗೆ ಮತ್ತೆ ‘ಗುರುವಯ್ಯನ’, ಮತ್ತೆ ‘ನಿಶಾನಿ’. ನಡುವೆ ಒಂದು ಅಡ್ಡಗೆರೆ, ಅದರ ಎರಡು ತುದಿಗೆ ಜೋತ ಎರಡು ತಟ್ಟೆ. ಬಲದ ತಟ್ಟೆ ತುಸು ಕೆಳಗಿತ್ತು.

ಲಕ್ಕಯ್ಯನವರು ಬಹಳ ಹೊತ್ತು ನೋಡಿದರು. ಆಮೇಲೆ ಬೀಡಿ ಸೇದಲು ಹೊರಗೆ ಹೋದರು.

ಆ ತಕ್ಕಡಿ ನನಗೆ ಗೊತ್ತಿತ್ತು. ರುದ್ರಪ್ಪಜ್ಜನ ಕಾಲದ ಹಿತ್ತಾಳೆ ಸೇರಿನ ತಳದಲ್ಲಿ ಅದನ್ನು ಕೊರೆದಿದೆ. ನನ್ನ ಅಜ್ಜಿ ದಿನಾ ಅಕ್ಕಿ ಅಳೆಯುವುದು ಅದರಲ್ಲೇ. ಸ್ಲೇಟಿನ ಮೇಲೆ ಅ ಆ ಕಲಿಯುವ ಮೊದಲು ನಾನು ತಿದ್ದಿದ್ದು ಆ ತಕ್ಕಡಿಯನ್ನು. “ಗಿರಾಕಿ ಕಡೆ ತಟ್ಟೆ ಯಾವಾಗ್ಲೂ ತಗ್ಗಿರ್ಬೇಕು ಅಂತ ನಮ್ಮಜ್ಜ ಹಾಗೆ ಹಾಕ್ತಿದ್ರು,” ಎಂದು ಅಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾರೆ.

ಶುದ್ಧಪ್ರತಿಯಲ್ಲಿ ‘ಗುರುವಯ್ಯನ’ ಎಂದು ಬರೆದು, ಎರಡು ಬೆರಳಷ್ಟು ಜಾಗ ಬಿಟ್ಟು, ‘ನಿಶಾನಿ’ ಎಂದು ಬರೆದೆ.

ಮರುದಿನ ಶಶಿಧರ್ ಜಾಗ ಅಳೆಸಲು ಹೋದಾಗ ನಾನೂ ಜೀಪು ಹತ್ತಿದೆ. ಕಾಫಿ ಗಿಡಗಳ ನಡುವೆ ಸೊಂಟ ಮಟ್ಟದ ಗಾಣದ ಕಲ್ಲು ಅರ್ಧ ಹೂತುಕೊಂಡು ನಿಂತಿತ್ತು. ತಿಮ್ಮಮ್ಮ ಅದರ ಗುಂಡಿಯೊಳಗೆ ಬಿದ್ದಿದ್ದ ತರಗೆಲೆ ತೆಗೆಯುತ್ತಿದ್ದರು.

“ಗಾಣದವರ ಮಗಳಾ?” ಎಂದರು. “ಎತ್ತು ಯಾವ ಕಡೆಯಿಂದ ಸುತ್ತೋದು, ಹೇಳು ನೋಡುವ.”

ನಾನು ಕಲ್ಲಿನ ಸುತ್ತ ಒಮ್ಮೆ ಕಣ್ಣಾಡಿಸಿದೆ.

“ಎಂತ ಗಾಣದವರಪ್ಪ ನೀವು!” ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಕಲ್ಲಿನ ಅಂಚಿನ ಸವಕಲಿನ ಮೇಲೆ ನನ್ನ ಬೆರಳು ಹಿಡಿದು ಆಡಿಸಿದರು. “ಎಡದಿಂದ. ನಮ್ಮಮ್ಮ ನಾಲ್ಕು ವರ್ಷದ ಮಗು ಆವಾಗ. ಕೋಲಿನ ಮೇಲೆ ಕೂತು ಸುತ್ತಿದ್ದು ಬಿಟ್ರೆ ಅವಳಿಗೆ ಅಪ್ಪ ಅಮ್ಮನ ನೆನಪೇ ಇರ್ಲಿಲ್ಲ. ಆಮೇಲಿಂದು ಕೇಳಿದ್ರೆ ಕತ್ತಲೆ ಅಂತಿದ್ಲು. ಬರೀ ಕತ್ತಲೆ, ಬಾಯಾರಿಕೆ ಅಂತ.”

“ಏಯ್ ತನು, ಬಾ ಈಚೆ!” ಶಶಿಧರ್ ಟೇಪು ಹಿಡಿದು ಕೂಗಿದ. ತಿಮ್ಮಮ್ಮನ ಮನೆಗೋಡೆಗೆ ಅವನು ಸುಣ್ಣದಲ್ಲಿ ಗೀಟು ಎಳೆದಿದ್ದ. ಅವರು ಅದನ್ನು ನೋಡಿದರು, ಮತ್ತೆ ತರಗೆಲೆ ತೆಗೆಯತೊಡಗಿದರು.

ಚರ್ಚಿಗೆ ಕಳಿಸಿದ್ದು ಅಪ್ಪನೇ. “ಅಲ್ಲಿ ಎಂತದೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡ್ ಬಾ.” ಬಣಕಲ್ ದಾಟಿ ಬಸ್ಸಿಳಿದು ಮಣ್ಣುರಸ್ತೆಯಲ್ಲಿ ನಡೆದು ಹೋದೆ. ಫಾದರ್ ಮಂಗಳೂರಿನ ಕಡೆಯವರು. ಏನು ಬೇಕೆಂದು ನಾನು ತೊದಲುವಷ್ಟರಲ್ಲಿ ಅವರೇ ಕುರ್ಚಿ ಎಳೆದುಕೊಟ್ಟು, ಹಳೆಯ ಮರಣದ ಪುಸ್ತಕ ತಂದರು. ಬರಹ ಲ್ಯಾಟಿನ್‌ನಲ್ಲಿತ್ತು. ಬೆರಳಿಟ್ಟು ಕನ್ನಡ ಮಾಡಿ ಹೇಳುತ್ತ ಹೋದರು.

“ಹತ್ತೊಂಬತ್ತು ನೂರ ಹದಿನೆಂಟು. ಇದು ದೊಡ್ಡ ಜ್ವರದ ವರ್ಷ, ಪುಟಗಟ್ಟಲೆ ಉಂಟು ನೋಡಿ. ಹಾಂ, ಅಕ್ಟೋಬರ್ ಇಪ್ಪತ್ತೊಂದು. ಗುರುವಯ್ಯ, ಎಣ್ಣೆ ತೆಗೆಯುವವ, ಜಾವಳಿ. ಮತ್ತೆ ಅವನ ಹೆಂಡತಿ. ಕ್ರೈಸ್ತರಲ್ಲ. ಮಣ್ಣು ಮಾಡಲಿಕ್ಕೆ ಯಾರೂ ಬಾರದ್ದರಿಂದ ಸ್ಮಶಾನದ ಗೋಡೆಯ ಹೊರಗೆ ಹೂಳಲಾಯಿತು.”

ಅಕ್ಟೋಬರ್. ಹೇಳಿಕೆಯ ಕಾಗದದಲ್ಲಿದ್ದದ್ದು ಮರುವರ್ಷದ ಜನವರಿ.

“ಇನ್ನೂ ಒಂದು ಸಾಲುಂಟು,” ಎಂದು ಫಾದರ್ ಪುಸ್ತಕವನ್ನು ಬೆಳಕಿಗೆ ಹಿಡಿದರು. “ನಾಲ್ಕು ವರ್ಷದ ಹೆಣ್ಣುಮಗು ಜೀವಂತ ಸಿಕ್ಕಿತು. ಬಾಗಿಲು ಹೊರಗಿನಿಂದ ಚಿಲಕ ಹಾಕಿತ್ತು. ಮುರಿಯಬೇಕಾಯಿತು.” ಪುಸ್ತಕವನ್ನು ಮೇಜಿನ ಮೇಲಿಟ್ಟು ಹೇಳಿದರು: “ಜ್ವರಕ್ಕೆ ಹೆದರಿ ಆಗ ಹಾಗೆ ಮಾಡುತ್ತಿದ್ದರಂತೆ. ಯಾರು ಹಾಕಿದ್ದು ಅಂತ ಬರೆದಿಲ್ಲ. ಮಗುವನ್ನು ಎರಡು ವರ್ಷದ ಮೇಲೆ ಕಳಸದ ಕಡೆಯ ಚಿಕ್ಕಮ್ಮ ಬಂದು ಕರಕೊಂಡು ಹೋದಳು.”

ಎಲ್ಲವನ್ನೂ ಡೈರಿಗೆ ಇಳಿಸಿಕೊಂಡೆ. ಕೊನೆಯ ಸಾಲಿನ ಅಕ್ಷರ ನನ್ನವಾಗಿರಲಿಲ್ಲ, ಅಷ್ಟು ಸೊಟ್ಟಗಿದ್ದವು. ಬಸ್ಸಿನಲ್ಲಿ ಇಡೀ ದಾರಿ ಒಂದೇ ಯೋಚನೆ. ನಮ್ಮ ಮನೆಯ ಯಾವ ಬಾಗಿಲಿಗೂ ಹೊರಗಡೆ ಚಿಲಕವಿಲ್ಲ. ಮದುವೆಯಾಗಲಿ ಸಾವಾಗಲಿ, ಒಬ್ಬರು ಮನೆಯಲ್ಲಿ ಉಳಿಯಲೇಬೇಕು. ಹೊರಗಿನಿಂದ ಬಾಗಿಲು ಹಾಕಿದರೆ ಲಕ್ಷ್ಮಿ ಹೋಗಿಬಿಡುತ್ತಾಳೆ ಎಂದು ನಮಗೆ ಹೇಳಿಕೊಟ್ಟಿದ್ದರು. ಸ್ಕೂಲಿನಲ್ಲಿ ಗೆಳತಿಯರು ನಗುತ್ತಿದ್ದರು.

ಅಜ್ಜಿ, ಅಪ್ಪನ ತಾಯಿ ಸಿದ್ದಗಂಗಮ್ಮ, ಅಂಗಳದ ಬಿಸಿಲಿನಲ್ಲಿ ಕೂತು ಮೆಣಸು ಆರಿಸುತ್ತಿದ್ದರು. ರುದ್ರಪ್ಪನ ಸೊಸೆಯಾಗಿ ಹದಿನಾಲ್ಕಕ್ಕೆ ಈ ಮನೆಗೆ ಬಂದವರು. ನಾನು ಪಕ್ಕದಲ್ಲಿ ಕೂತು ಕೇಳಿದೆ.

“ಅಜ್ಜಿ, ಹೊರಗಿನ ಚಿಲಕ ತೆಗೆಸಿದ್ದು ಯಾರು?”

ಮೊರದ ಮೇಲೆ ಅವರ ಕೈ ನಿಂತಿತು. “ತೆಗೆಸಿದ್ದಲ್ಲ. ಮಾವನೋರೇ ಕಿತ್ತಿದ್ದು, ಇಕ್ಕಳ ಹಿಡ್ಕೊಂಡು. ಬಡಗಿ ಎಂಟು ಬಾಗಿಲಿಗೂ ಹಾಕಿದ್ದ. ಎಂಟನ್ನೂ ಕಿತ್ತು ಕೆರೆಗೆ ಎಸೆದ್ರು.”

“ಯಾಕೆ?”

“ಕೊನೆಗಾಲದಲ್ಲಿ ಅವ್ರಿಗೊಂದು ಭ್ರಮೆ. ತೆರೆದ ಬಾಗಿಲ ಮುಂದೆ ನಿಂತ್ಕೊಂಡು, ತೆಗೀರೋ, ಮಗು ಒಳಗದೆ ಅನ್ನೋರು. ಯಾವ ಮಗು ಅಂತ ನಾನು ಕೇಳ್ಲಿಲ್ಲ ಕಣೆ. ಅರವತ್ತು ವರ್ಷ ಕೇಳ್ಲಿಲ್ಲ.” ನನ್ನ ಮುಖ ನೋಡದೆ ಮೊರ ಎತ್ತಿಕೊಂಡರು. “ನೀನೂ ಕೇಳ್ಬೇಡ. ಹೆಣ್ಣುಮಕ್ಕಳು ಮದ್ವೆಯಾಗಿ ಹೋಗೋರು.”

ಸಂಜೆ ಅಪ್ಪ ಅಂಗಡಿಯಿಂದಲೇ ಕೂಗಿ ಕೇಳಿದರು. “ಚರ್ಚಲ್ಲಿ ಏನಾದ್ರೂ ಸಿಕ್ತಾ?”

“ಎಲ್ಲಾ ಲ್ಯಾಟಿನ್‌ನಲ್ಲಿದೆ,” ಎಂದೆ. ಅದು ಸುಳ್ಳಲ್ಲ.

“ಒಳ್ಳೇದಾಯ್ತು ಬಿಡು.” ಊಟಕ್ಕೆ ಮೊದಲು ಶುದ್ಧಪ್ರತಿ ತಿರುವಿ ಹಾಕಿದರು. ಖಾಲಿ ಜಾಗದ ಮೇಲೆ ಅವರ ಬೆರಳು ನಿಂತಿತು. ಅವರು ನನ್ನನ್ನು ನೋಡಿದ ರೀತಿಯಿಂದಲೇ ತಿಳಿಯಿತು: ಅಪ್ಪ ಆ ಕಾಗದದ ನಕಲನ್ನು ಮೊದಲೇ ನೋಡಿದ್ದರು. “ಇಲ್ಲಿ ಗಾಣ ಅಂತ ಬರಿ,” ಎಂದರು. ದನಿ ಮೆತ್ತಗಿತ್ತು. “ಎರಡೇ ಅಕ್ಷರ. ನಮ್ಮನ್ನ ನೂರು ವರ್ಷದಿಂದ ಊರು ಕರೆಯೋ ಹೆಸರು.”

ಪೆನ್ನು ತೆಗೆದುಕೊಂಡು ರೂಮಿಗೆ ಹೋದೆ. ಗಾಣ ಎಂದು ಡೈರಿಯಲ್ಲಿ ಹನ್ನೊಂದು ಸಲ ಬರೆದು ನೋಡಿದೆ. ಹನ್ನೊಂದೂ ಒಂದೇ ಥರ ಬಂದವು. ಅದು ನನ್ನನ್ನು ಹೆದರಿಸಿತು. ಶುದ್ಧಪ್ರತಿಯನ್ನು ಮುಟ್ಟಲಿಲ್ಲ.

ವಿಚಾರಣೆ ಮಂಗಳವಾರ ಹನ್ನೊಂದಕ್ಕೆ. ತಹಸೀಲ್ದಾರರ ಮೇಜಿನ ಒಂದು ಬದಿಗೆ ನಾವು ಮೂವರು, ಇನ್ನೊಂದು ಬದಿಗೆ ತಿಮ್ಮಮ್ಮ. ತೊಳೆದ ಸೀರೆ ಉಟ್ಟು, ಬಟ್ಟೆಚೀಲ ಅಪ್ಪಿಕೊಂಡಿದ್ದರು. ಗೋಡೆಗೊರಗಿ ಲಕ್ಕಯ್ಯನವರು ನಿಂತಿದ್ದರು. ಹೊರಗೆ ಜನ ನುಗ್ಗುತ್ತಿದ್ದರು.

“ಅಜ್ಜಿ, ದಾಖಲೆ ಏನಾದ್ರೂ ಇದೆಯಾ?” ಎಂದರು ಸಾಹೇಬರು.

“ಕಲ್ಲದೆ ಸ್ವಾಮಿ.”

ಶಶಿಧರ್ ಕಿಸಕ್ಕೆಂದ. “ಕಲ್ಲನ್ನ ಫೈಲಿಗೆ ಹಾಕ್ಕೊಳ್ಳಿ ಸಾರ್.” ಒಂದಿಬ್ಬರು ನಕ್ಕರು. ತಿಮ್ಮಮ್ಮ ನಗಲಿಲ್ಲ. ಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

ಸಾಹೇಬರು ನನ್ನ ಶುದ್ಧಪ್ರತಿ ಎತ್ತಿಕೊಂಡು ಓದಿದರು. ಮೂಲವನ್ನೂ ಪಕ್ಕಕ್ಕಿಟ್ಟುಕೊಂಡರು. “ಬರಹ ಚೆನ್ನಾಗಿದೆ. ಸರಿ, ಇವ್ರ ಪರವಾಗೇ ಇದೆ. ಇಲ್ಲೊಂದು ಜಾಗ ಬಿಟ್ಟಿದ್ದೀರಲ್ಲ? ಗುರುವಯ್ಯನ ಅಂತಿದೆ, ಆಮೇಲೆ ಏನೂ ಇಲ್ಲ, ಆಮೇಲೆ ನಿಶಾನಿ. ಮೂಲದಲ್ಲಿ ಏನೋ ಗೆರೆ ಎಳೆದಿದೆ, ನಂಗೆ ತಿಳೀತಿಲ್ಲ. ಎಂತದು ನಿಶಾನಿ? ಕೆಳಗೆ ಸಹಿನೂ ಇಲ್ಲ.”

“ಗಾಣ ಸಾರ್,” ಎಂದರು ಅಪ್ಪ. “ಹುಡುಗಿ ನಾಚಿಕೆ ಸ್ವಭಾವ. ಈಗ ಬರೀತಾಳೆ. ಬರಿ ತನು.”

“ಚಂದ್ರಶೇಖರಪ್ಪನವರೇ, ಓದಿದ್ದು ಅವರು. ಅವರೇ ಹೇಳ್ಲಿ,” ಎಂದು ಸಾಹೇಬರು ಅಪ್ಪನನ್ನು ತಡೆದರು.

ಅಪ್ಪ ತಮ್ಮ ಪೆನ್ನಿನ ಮುಚ್ಚಳ ತೆಗೆದು ನನ್ನ ಮುಂದಿಟ್ಟರು. ಮೇಜಿನ ಕೆಳಗೆ ಶಶಿಧರನ ಕಾಲು ನನ್ನ ಕಾಲನ್ನು ಒತ್ತಿತು. ಆಗ ಹೊರಗಿನ ಗಲಾಟೆ ತಡೆಯಲು ಪ್ಯೂನ್ ಬಾಗಿಲನ್ನು ಎಳೆದುಕೊಂಡ. ಕೋಣೆ ಅರೆಗತ್ತಲಾಯಿತು. ಹೊರಗಿನಿಂದ ಚಿಲಕ ಬಿದ್ದ ಸದ್ದು.

ಆ ಸದ್ದನ್ನು ನಾನು ಅಷ್ಟು ಹತ್ತಿರದಿಂದ ಕೇಳಿದ್ದು ಅದೇ ಮೊದಲು. ಅಪ್ಪ ಥಟ್ಟನೆ ಬಾಗಿಲ ಕಡೆ ತಿರುಗಿದರು. ಎದುರಿಗೆ ತಿಮ್ಮಮ್ಮನೂ ತಿರುಗಿದ್ದರು.

ನಾನು ಪೆನ್ನು ಮುಟ್ಟಲಿಲ್ಲ.

“ತಕ್ಕಡಿ ಸಾರ್,” ಎಂದೆ. ನನ್ನ ದನಿ ಗೋಡೆಯವರೆಗೆ ಹೋಗಿ ಮುಟ್ಟಿದ್ದು ನನಗೇ ಕೇಳಿಸಿತು. “ಅದು ಗಾಣ ಅಲ್ಲ. ನಮ್ಮ ಮುತ್ತಜ್ಜನ ತಕ್ಕಡಿ.”