ಎರಡು ಕೋಣೆಯ ಡೇರೆ

“ಎಳೀರಿ, ಎಳೀರಿ, ಬುಡಬ್ಯಾಡಿ!” ಎಂದು ಡೇರೆ ಬಾಡಿಗೆಗೆ ಕೊಡುವ ಮರಿಯಯ್ಯ ಕ್ಯಾನ್ವಾಸಿನ ಒಳಗಿನಿಂದ ಕೂಗುತ್ತಿದ್ದ.

ಷಡಕ್ಷರಿ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು, ಹಿಮ್ಮಡಿಯನ್ನು ಮಣ್ಣಿಗೆ ಊರಿ, ಹಿಂದಕ್ಕೆ ವಾಲಿದ. ಮಲಗಿದ ಎಮ್ಮೆಯ ಹಾಗೆ ನೆಲಕ್ಕೆ ಬಿದ್ದುಕೊಂಡಿದ್ದ ಡೇರೆ ಒಮ್ಮೆ ಉಬ್ಬಿತು, ಕುಸಿಯಿತು, ಮತ್ತೆ ಉಬ್ಬಿತು. ಒಳಗೆ ಕಂಬ ನೆಟ್ಟಗೆ ನಿಂತದ್ದು ಅವನ ಅಂಗೈಗೇ ತಿಳಿಯಿತು. ಆಚೆ ಬದಿಯಲ್ಲಿ ಆಳುಗಳು ಕೊಡತಿಯಿಂದ ಗೂಟ ಹೊಡೆದರು. ನಜರ್‌ಬಾದಿನ ಆ ಹಿತ್ತಿಲಲ್ಲಿ, ಹುಣಸೆಮರದ ನೆರಳಿನಲ್ಲಿ, ಇದ್ದಕ್ಕಿದ್ದಂತೆ ಒಂದು ಮನೆ ಎದ್ದು ನಿಂತಿತ್ತು.

“ಬನ್ನಿ, ಎಲ್ಲರೂ ಒಳಗೆ ಬನ್ನಿ,” ಎಂದು ಷಡಕ್ಷರಿ ಕರೆದ. ಅವನ ಧ್ವನಿ ಅವನಿಗೇ ಕೊಂಚ ಜಾಸ್ತಿಯಾಯಿತು ಅನ್ನಿಸಿತು. ಸ್ವಂತ ಮನೆಯ ಗೃಹಪ್ರವೇಶಕ್ಕೆ ನೆಂಟರನ್ನು ಕರೆಯುವವರು ಹಾಗೆ ಕರೆಯುತ್ತಾರೆ.

ಗೆಳೆಯ ಬಸವರಾಜು ಟೋಪಿ ತೆಗೆದು ಬಗ್ಗಿ ಒಳಗೆ ಬಂದ. ಅವನ ಹಿಂದೆ ಹೆಂಡತಿ ಸುಮಿತ್ರಮ್ಮ, ತಾಯಿ ಪುಟ್ಟತಾಯಮ್ಮ. ಎಂಟು ವರ್ಷದ ಮಗಳು ಭಾಗ್ಯ ಇವರೆಲ್ಲರ ಕಾಲ ಸಂದಿಯಲ್ಲಿ ನುಗ್ಗಿ ಮೊದಲೇ ಒಳಗಿದ್ದಳು. ಡೇರೆಯೊಳಗೆ ಹಳೆಯ ಹೊಗೆಯ, ಒಣಗಿದ ಹುಲ್ಲಿನ, ಮುಗ್ಗಲು ಬಟ್ಟೆಯ ವಾಸನೆಯಿತ್ತು. ಬೇಟೆಯ ಕ್ಯಾಂಪುಗಳು ನಿಂತುಹೋದ ಮೇಲೆ ಹರಾಜಿನಲ್ಲಿ ಬಂದ ಮಾಲು ಅದು. ನಡುವೆ, ಮಾಡಿನಿಂದ ನೆಲದವರೆಗೆ, ಒಂದು ದಪ್ಪ ಪರದೆ ಇಳಿಬಿದ್ದಿತ್ತು. ಪರದೆಯ ಈಚೆ ಒಂದು ದೊಡ್ಡ ಕೋಣೆ, ಆಚೆ ಒಂದು ಚಿಕ್ಕದು. ಚಿಕ್ಕದಕ್ಕೆ ಹೊರಗಿನಿಂದ ಬೇರೆಯದೇ ಬಾಗಿಲು.

“ಎರಡು ಕೋಣೆ,” ಎಂದ ಷಡಕ್ಷರಿ, ಯಾರೂ ಕೇಳದಿದ್ದರೂ. “ನೋಡಿ ಸುಮಿತ್ರಮ್ಮನೋರೆ, ಪರದೆ ಎಷ್ಟು ದಪ್ಪ ಇದೆ.”

ಸುಮಿತ್ರಮ್ಮ ಪರದೆಯನ್ನು ಬೆರಳಿನಲ್ಲಿ ಮುಟ್ಟಿ ನೋಡಿದರು. “ಹೌದು, ದಪ್ಪ ಇದೆ,” ಎಂದರು.

ಆ ಪರದೆಗಾಗಿಯೇ ಅವನು ಒಂದು ತಿಂಗಳು ನಿದ್ದೆಗೆಟ್ಟಿದ್ದ. ಷಡಕ್ಷರಿ ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುವವನು. ನಲವತ್ತರ ಹತ್ತಿರ ಬಂದಿದ್ದರೂ ಒಂಟಿ. ಮದುವೆಯ ಮಾತು ಕೆಲವು ಸಲ ಬಂದು, ಬಂದ ದಾರಿಯಲ್ಲೇ ಹೊರಟುಹೋಗಿತ್ತು. ಕಾಲೇಜಿನ ದಿನಗಳಲ್ಲಿ ಅವನೂ ಬಸವರಾಜುವೂ ಹಾಸ್ಟೆಲಿನ ಒಂದೇ ಕೋಣೆಯಲ್ಲಿ, ಚಳಿಗಾಲ ಬಂದರೆ ಒಂದೇ ಜಮಖಾನದ ಮೇಲೆ ಮಲಗಿದವರು. ಆಮೇಲೆ ಬಸವರಾಜು ವಕೀಲನಾದ, ಯಾದವಗಿರಿಯಲ್ಲಿ ಮನೆ ಮಾಡಿದ, ಸಂಸಾರವಂದಿಗನಾದ. ಷಡಕ್ಷರಿಗೆ ಅವನ ದೊಡ್ಡಪ್ಪ ಸಾಯುವಾಗ ಒಂದು ಹಳೆಯ ಆಸ್ಟಿನ್ ಕಾರು ಬಿಟ್ಟುಹೋದರು.

ಕಾರು ಬಂದಮೇಲೆ ಅವನ ಭಾನುವಾರಗಳಿಗೆ ಒಂದು ರೂಪ ಬಂದಿತ್ತು. ಬೆಳಿಗ್ಗೆ ಯಾದವಗಿರಿಗೆ ಹೋಗಿ ಹಾರ್ನ್ ಹೊಡೆಯುವುದು, “ಕಾರ್ ಮಾಮ ಬಂದ್ರು!” ಎಂದು ಭಾಗ್ಯ ಬರಿಗಾಲಲ್ಲಿ ಓಡಿಬರುವುದು, ಎಲ್ಲರನ್ನೂ ಕೂರಿಸಿಕೊಂಡು ಒಮ್ಮೆ ಶ್ರೀರಂಗಪಟ್ಟಣ, ಒಮ್ಮೆ ನಂಜನಗೂಡು, ಸಾಯಂಕಾಲ ಅವರನ್ನು ಬಿಟ್ಟು ತನ್ನ ಬಾಡಿಗೆ ಕೋಣೆಗೆ ಮರಳುವುದು. ಕಾರನ್ನು ನಿಲ್ಲಿಸಿದ ಮೇಲೂ ಅವನು ಸ್ವಲ್ಪ ಹೊತ್ತು ಒಳಗೇ ಕೂತಿರುತ್ತಿದ್ದ. ಹಿಂದಿನ ಸೀಟಿನಲ್ಲಿ ಪುಟ್ಟತಾಯಮ್ಮನ ಎಲೆಅಡಿಕೆಯ ವಾಸನೆ, ಸುಮಿತ್ರಮ್ಮನ ಮುಡಿಯಿಂದ ಉದುರಿದ ಮಲ್ಲಿಗೆ ಇರುತ್ತಿತ್ತು. ಅದು ಆರುವವರೆಗೆ ಇಳಿಯಲು ಮನಸ್ಸಾಗುತ್ತಿರಲಿಲ್ಲ.

ಲೈಬ್ರರಿಯಲ್ಲಿ ಒಂದು ದಿನ ಅವನು ಪರದೇಶದ ಪತ್ರಿಕೆಯೊಂದರಲ್ಲಿ ಚಿತ್ರ ನೋಡಿದ. ಕೆರೆಯ ದಡದಲ್ಲಿ ಕಾರು. ಕಾರಿನ ಪಕ್ಕ ಡೇರೆ. ಡೇರೆಯ ಮುಂದೆ ಅಪ್ಪ, ಅಮ್ಮ, ಮಕ್ಕಳು. ಒಲೆಯ ಮೇಲೆ ಏನೋ ಕುದಿಯುತ್ತಿದೆ, ಎಲ್ಲರೂ ನಗುತ್ತಿದ್ದಾರೆ. ಷಡಕ್ಷರಿ ಆ ಪುಟವನ್ನು ಬಹಳ ಹೊತ್ತು ನೋಡಿದ್ದ. ಅವನನ್ನು ಕಾಡಿದ್ದು ಆ ನಗುವಲ್ಲ. ಚಿತ್ರ ತೆಗೆದವನು ಯಾರು? ಅವನು ಆ ರಾತ್ರಿ ಎಲ್ಲಿ ಮಲಗಿದ?

ಮುಂದಿನ ಭಾನುವಾರ ಅವನೇ ಮಾತು ತೆಗೆದ. ಕ್ರಿಸ್ಮಸ್ ರಜಕ್ಕೆ ಗೋಪಾಲಸ್ವಾಮಿ ಬೆಟ್ಟದ ಬುಡದಲ್ಲಿ ಡೇರೆ ಹಾಕಿ ಎರಡು ರಾತ್ರಿ ಇರೋಣವೆ? ಬಸವರಾಜು ಕುಣಿದ. ಪುಟ್ಟತಾಯಮ್ಮ, “ಆನೆ ಬಂದ್ರೆ?” ಎಂದು ಕೇಳಿ, ಆಮೇಲೆ ತಾವೇ ಎಲ್ಲರಿಗಿಂತ ಮುಂಚೆ ಹೂಂ ಅಂದರು. ಆದರೆ ನೀರು ಕುಡಿಯಲು ಅಡಿಗೆಮನೆಯ ಬಾಗಿಲಿಗೆ ಹೋದಾಗ ಷಡಕ್ಷರಿಗೆ ಸುಮಿತ್ರಮ್ಮನ ಪಿಸುಮಾತು ಕೇಳಿತು: “ಅಲ್ರೀ, ಹಗಲು ಹೋಗಿ ಬರೋದು ಬೇರೆ. ರಾತ್ರಿ ಒಂದೇ ಡೇರೇಲಿ, ಅವರೂ ಅಂದ್ರೆ ಹೆಂಗೆ? ನಾಳೆ ನಮ್ಮಮ್ಮ ಕೇಳಿದ್ರೆ ಏನು ಹೇಳ್ಲಿ?”

ಅದರಲ್ಲಿ ತಪ್ಪೇನೂ ಇರಲಿಲ್ಲ. ಷಡಕ್ಷರಿ ನೀರು ಕುಡಿಯದೆ ಹಿಂದಕ್ಕೆ ಬಂದು, ಬಸವರಾಜುವಿನ ಎದುರು ಕೂತು, ಎರಡು ಕೋಣೆಯ ಡೇರೆಗಳು ಸಿಗುತ್ತವಂತೆ, ನಡುವೆ ಪರದೆ ಇರುತ್ತದಂತೆ ಎಂದು ಹೇಳಿದ್ದ. ಶಾಮಿಯಾನ ಬಾಡಿಗೆಗೆ ಕೊಡುವ ಮರಿಯಯ್ಯನನ್ನು ಬಸವರಾಜು ಬಲ್ಲ. ಭಾಗ್ಯಳ ನಾಮಕರಣಕ್ಕೆ ಚಪ್ಪರ ಹಾಕಿದವನು ಅವನೇ. ಹಾಗಾಗಿ ಇವತ್ತು ಎಲ್ಲರೂ ಇಲ್ಲಿ.

“ಡೇರೇನ ನಿಂತ್ಕಂಡು ನೋಡಬಾರ್ದು ಬುದ್ಧಿ,” ಎಂದ ಮರಿಯಯ್ಯ ಜಮಖಾನ ಹಾಸುತ್ತ. “ಮನೀಕಂಡು ನೋಡ್ಬೇಕು. ಕಾಲು ಚಾಚಿದ್ರೆ ಕಾಲು ಒಳಗೇ ಇರ್ಬೇಕು, ಅದೇ ಡೇರೆ.”

“ಹಗಲು ಹೊತ್ತಲ್ಲಿ ಎಲ್ಲರ ಮುಂದೆ ಮಲಗೋದಾ!” ಎಂದು ಸುಮಿತ್ರಮ್ಮ ನಕ್ಕರು. ಆದರೂ ಮರಿಯಯ್ಯ ಶೆಡ್ಡಿನ ಕಡೆ ಹೋದ ಮೇಲೆ ಮಲಗಿದರು. ಗೋಡೆಯ ಬದಿಗೆ ಪುಟ್ಟತಾಯಮ್ಮ, ಆಮೇಲೆ ಸೊಸೆ, ಭಾಗ್ಯ, ಬಸವರಾಜು. ಷಡಕ್ಷರಿ ಯಾರೂ ಹೇಳುವ ಮೊದಲೇ ಪರದೆ ಸರಿಸಿ ಆಚೆಗೆ ಹೋಗಿ, ಬರಿ ನೆಲದ ಮೇಲೆ ಅಂಗಾತ ಮಲಗಿಕೊಂಡ.

ಮೇಲೆ ಬಿಸಿಲು ಕ್ಯಾನ್ವಾಸಿನ ಮೂಲಕ ಸೋಸಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಪರದೆಯ ಆ ಕಡೆ ಬಳೆಗಳ ಸದ್ದು, ಪುಟ್ಟತಾಯಮ್ಮನ ನಿಟ್ಟುಸಿರು.

“ಲೋ ಷಡಕ್ಷರಿ, ಗೊರಕೆ ಹೊಡೀಬೇಡ ಕಣೋ, ಹುಲಿ ಬಂದ್ಬುಡುತ್ತೆ!” ಎಂದ ಬಸವರಾಜು.

“ಹಾಸ್ಟೆಲಲ್ಲಿ ಗೊರಕೆ ಹೊಡೀತಿದ್ದದ್ದು ಯಾರು? ವಾರ್ಡನ್ನು ನಿನ್ನನ್ನ ವರಾಂಡಕ್ಕೆ ಹಾಕಿದ್ದು ಮರೆತ್ಯಾ?”

“ಹಂಗೆ ಕೇಳಿ!” ಎಂದರು ಸುಮಿತ್ರಮ್ಮ. “ನಾನು ಹೇಳಿದ್ರೆ ಸುಳ್ಳು ಅಂತಾರೆ. ಸಾಕ್ಷಿ ಸಿಕ್ಕಿತು ವಕೀಲರೆ.”

ಎಲ್ಲರೂ ನಕ್ಕರು. ಅಪ್ಪನ ಮೇಲಿಂದ ಉರುಳಿಬಂದ ಭಾಗ್ಯಳ ಪುಟ್ಟ ಕೈ ಪರದೆಯ ಅಡಿಯಿಂದ ಈಚೆಗೆ ತೂರಿಬಂದು ಮಣ್ಣಿನಲ್ಲಿ ಏನನ್ನೋ ತಡಕಾಡಿತು. ಷಡಕ್ಷರಿ ತನ್ನ ಒಂದು ಬೆರಳನ್ನು ಕೊಟ್ಟ. ಅವಳು ಅದನ್ನು ಹಿಡಿದುಕೊಂಡು ಸುಮ್ಮನಾದಳು. ಬಹಳ ವರ್ಷಗಳಾಗಿದ್ದವು, ಅವನು ಮಲಗಿರುವಾಗ ಇನ್ನೊಬ್ಬರ ಉಸಿರು ಕೇಳಿಸಿ. ಹೀಗೇ ಇರಲಿ, ಯಾರೂ ಏಳದಿರಲಿ, ಅಂದುಕೊಂಡ.

ಪುಟ್ಟತಾಯಮ್ಮ ಎದ್ದರು. “ಚೆನ್ನಾಗದೆ ಕಣಪ್ಪ. ಆದ್ರೆ ಇದೇನು, ಮದುವೆಮನೆ ಇದ್ದಂಗದೆ. ಇದನ್ನ ಹೊತ್ಕಂಡು ಹೋಗೋರ್ಯಾರು?”

“ಅದೇ ಅತ್ತೆ,” ಎಂದರು ಸುಮಿತ್ರಮ್ಮ ಸೆರಗು ಕೊಡವುತ್ತ. “ಅಲ್ಲಿ ಇದನ್ನ ಎತ್ತಿ ನಿಲ್ಲಿಸೋಕೂ ಆಳು ಬೇಕು.”

“ಕಾರಿನ ಮೇಲೆ ಹಾಕ್ಕೊಂಡು ಹೋಗೋಣ,” ಎಂದ ಷಡಕ್ಷರಿ. “ನಿಲ್ಲಿಸೋದು ನಾನು ನೋಡ್ಕೋತೀನಿ.”

ಮರಿಯಯ್ಯ ಬಸವರಾಜುವಿನ ಕಡೆ ತಿರುಗಿ ತಲೆ ಕೆರೆದುಕೊಂಡ. “ಇದು ಗಾಡಿ ಮ್ಯಾಲೆ, ಲಾರಿ ಮ್ಯಾಲೆ ಹೋಗೋ ಮಾಲು ಸಾಮಿ.”

“ಹಾಕಿ ನೋಡೋಣ.”

ಅವನ ಹಟಕ್ಕೆ ಡೇರೆ ಇಳಿಯಿತು. ಮಡಿಸಿದರು, ಸುತ್ತಿದರು, ಕಟ್ಟಿದರು. ಆಳುಗಳ ಜೊತೆ ಷಡಕ್ಷರಿಯೂ ಹೆಗಲು ಕೊಟ್ಟ. ಬೆಳಿಗ್ಗೆ ಕಾರಿನ ಕೆಳಗೆ ಮಲಗಿ ಗ್ರೀಸ್ ಹಚ್ಚುವಾಗ ತೊಟ್ಟಿದ್ದ ಖಾಕಿ ಅಂಗಿ ಈಗ ಬೆವರಿಗೆ ಬೆನ್ನಿಗಂಟಿತ್ತು. ಗಂಟನ್ನು ಕಾರಿನ ತಲೆಯ ಮೇಲಿನ ಕ್ಯಾರಿಯರಿಗೆ ಎತ್ತಿ ಹಾಕಿದರು. ಅದರ ಮೇಲೆ ಕಂಬಗಳನ್ನು ಇಟ್ಟರೆ ಮುಂದೆ ಬಾನೆಟ್ಟಿನಾಚೆಗೆ, ಹಿಂದೆ ಡಿಕ್ಕಿಯಾಚೆಗೆ ಚಾಚಿಕೊಂಡವು. ಕಾರು ನರಳಿತು. ಹಿಂದಿನ ಸ್ಪ್ರಿಂಗುಗಳು ಕುಗ್ಗಿ ಮಡ್‌ಗಾರ್ಡು ಚಕ್ರಕ್ಕೆ ತಾಗಿತು. ಎಲ್ಲಿಂದಲೋ ಒಂದು ಬೋಲ್ಟು ಟಣ್ಣೆಂದು ಹಾರಿ ಹುಣಸೆ ಬೇರಿನ ಬಳಿ ಬಿತ್ತು.

“ಲೋ, ಕಾರೇ ಡೇರೆ ಥರ ಮಲಕ್ಕೊಂಡ್ಬುಡ್ತು!” ಎಂದು ಬಸವರಾಜು ಹೊಟ್ಟೆ ಹಿಡಿದುಕೊಂಡು ನಕ್ಕ. “ಇನ್ನು ನಾವು ಬೇರೆ ಕೂತ್ರೆ ನಜರ್‌ಬಾದೂ ದಾಟಲ್ಲ.”

ಷಡಕ್ಷರಿ ಆ ಬೋಲ್ಟನ್ನು ಹುಡುಕಿ ಜೇಬಿಗೆ ಹಾಕಿಕೊಂಡ. ಅವನು ನಗಲು ಪ್ರಯತ್ನಪಟ್ಟ. ತಾನು ಮಲಗಬಹುದಾಗಿದ್ದ ಏಕೈಕ ಡೇರೆ ತನ್ನದೇ ಕಾರಿಗೆ ಭಾರವಾಯಿತು. ಯಾರ ಮೇಲೆ ಸಿಟ್ಟಾಗುವುದು?

ಎರಡನೆಯ ಡೇರೆಯನ್ನು ಒಬ್ಬ ಆಳು ಹೆಗಲ ಮೇಲೆ ತಂದ. ಅದು ಎದ್ದು ನಿಲ್ಲಲು ಷಡಕ್ಷರಿಯ ಕೈ ಬೇಕಾಗಲಿಲ್ಲ. ಅಚ್ಚುಕಟ್ಟಾದ, ಗಟ್ಟಿ ಹೊಲಿಗೆಯ, ಒಂದೇ ಕೋಣೆಯ ಡೇರೆ. ಸುಮಿತ್ರಮ್ಮನಿಗೆ ಅದರ ಕಿಟಕಿಯ ಬಲೆ ಹಿಡಿಸಿತು. ಮತ್ತೆ ಜಮಖಾನ ಹಾಸಿದರು, ಮತ್ತೆ ಅದೇ ಸಾಲಿನಲ್ಲಿ ಮಲಗಿದರು. ಅಜ್ಜಿ ಕ್ಯಾನ್ವಾಸಿಗೆ ತಾಗಿದರು. ಈ ಕೊನೆಯಲ್ಲಿ ಬಸವರಾಜುವಿನ ಮೊಣಕೈ ಕ್ಯಾನ್ವಾಸಿಗೆ ತಾಗಿತು.

“ಸರಿಯಾಗಿ ಹಿಡೀತು!” ಎಂದು ಬಸವರಾಜು ಮಲಗಿದಲ್ಲೇ ಚಪ್ಪಾಳೆ ತಟ್ಟಿದ. “ನಮಗೇ ಅಳತೆ ತಗೊಂಡು ಹೊಲಿದಂಗಿದೆ.”

ಷಡಕ್ಷರಿ ಬಾಗಿಲ ಬಟ್ಟೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಹೊರಗೆ ನಿಂತಿದ್ದ. ಬಾಗಿಲಿನ ಚೌಕದೊಳಗೆ ನಾಲ್ಕು ಮುಖಗಳು, ನಾಲ್ಕು ಜೊತೆ ಪಾದಗಳು. ಚಿತ್ರ ತೆಗೆದವನು ಇಲ್ಲೇ ನಿಂತಿದ್ದಿರಬೇಕು, ಅಂದುಕೊಂಡ.

“ಇದೇ ಇರ್ಲಿ ಬುದ್ಧಿ,” ಎಂದ ಮರಿಯಯ್ಯ. “ಮನೆಯೋರೆಲ್ಲ ಬೆಚ್ಚಗೆ ಒಳಗೆ ಮನೀಕಬೌದು. ಡ್ರೈವರಣ್ಣ ಹೆಂಗೂ ಕಾರಲ್ಲೇ ಮನೀಕತಾರೆ. ಅಲ್ವೇನಣ್ಣ?” ಎಂದು ಷಡಕ್ಷರಿಯ ಬೆನ್ನು ತಟ್ಟಿದ.

ಷಡಕ್ಷರಿ ಬಸವರಾಜುವಿನ ಮುಖವನ್ನೇ ನೋಡಿದ. ಈಗ ಅವನು ಹೇಳುತ್ತಾನೆ. ಏನು ಹೇಳಿದರೂ ಸಾಕು: ನಮ್ಮವನು ಕಣಯ್ಯ, ನನ್ನ ಗೆಳೆಯ, ಹಾಸ್ಟೆಲಿನ ಷಡಕ್ಷರಿ. ಯಾವುದಾದರೂ ಒಂದು.

ಬಸವರಾಜು ಎದ್ದು ಕೂತು ಗಹಗಹಿಸಿದ. “ಅಯ್ಯೋ ನಿನ್ನ! ಡ್ರೈವರ್ ಅಲ್ಲ ಕಣಯ್ಯ. ಕಾರೇ ಅವರದು!”

“ಕಾರ್ ಮಾಮ!” ಎಂದು ಭಾಗ್ಯ ವಿವರಿಸಿದಳು.

ಮರಿಯಯ್ಯ ನಾಲಿಗೆ ಕಚ್ಚಿಕೊಂಡ. “ತಪ್ಪಾಯ್ತು ಸಾಮಿ, ತಪ್ಪಾಯ್ತು. ಹಗ್ಗ ಎಳೀತಿದ್ರಿ, ಗಂಟು ಹೊರ್ತಿದ್ರಿ, ನಾನು ಬೇರೆ ತಿಳ್ಕಂಡೆ.”

“ಪರವಾಗಿಲ್ಲ,” ಎಂದ ಷಡಕ್ಷರಿ. ನಿಜವಾಗಿಯೂ ಮರಿಯಯ್ಯನ ಮಾತು ಅವನಿಗೆ ನೋವು ಮಾಡಿರಲಿಲ್ಲ. ಅವನೊಬ್ಬ ಕಂಡದ್ದನ್ನು ಹೇಳಿದ್ದ. ಆದರೆ ಆ ತಿದ್ದುಪಡಿ ಕಿವಿಯಲ್ಲಿ ನಿಂತುಬಿಟ್ಟಿತ್ತು. ಕಾರೇ ಅವರದು.

“ಹಂಗಾದ್ರೆ ಷಡಕ್ಷರಪ್ಪ ಎಲ್ಲಿ ಮಲೀಕತಾನೆ?” ಎಂದು ಪುಟ್ಟತಾಯಮ್ಮ ಕೇಳಿದರು.

ಸುಮಿತ್ರಮ್ಮ ಗಂಡನ ಮುಖ ನೋಡಿದರು. ಗಂಡ ಡೇರೆಯ ಹೊಲಿಗೆ ನೋಡಿದ. “ಕಾರಿನ ಸೀಟು ನಮ್ಮ ಜಮಖಾನಕ್ಕಿಂತ ಮೆತ್ತಗಿರುತ್ತೆ ಅತ್ತೆ,” ಎಂದರು ಸುಮಿತ್ರಮ್ಮ ಕೊನೆಗೆ. ಧ್ವನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ; ಊಟಕ್ಕೆ ಕೂತವರಿಗೆ ಮಣೆ ಹಾಕುವಾಗ ಇರುವಂಥ ಗಡಿಬಿಡಿ ಮಾತ್ರ ಇತ್ತು. “ಅಲ್ವೇನ್ರೀ? ಗಾಜು ಏರಿಸ್ಕೊಂಡ್ರೆ ಚಳೀನೂ ಇಲ್ಲ.”

“ಕಾಲು ಚಾಚಕ್ಕಾಗಲ್ಲ ಪಾಪ,” ಎಂದರು ಪುಟ್ಟತಾಯಮ್ಮ.

ಮರಿಯಯ್ಯನಿಗೆ ತನ್ನ ತಪ್ಪನ್ನು ಹೇಗಾದರೂ ತೊಳೆದುಕೊಳ್ಳಬೇಕಿತ್ತು. ಅವನು ಶೆಡ್ಡಿಗೆ ಓಡಿದ. ಒಳಗೆ ಏನೇನೋ ಬೀಳಿಸಿದ ಸದ್ದಾಯಿತು. ಕಂಕುಳಲ್ಲಿ ಒಂದು ಸಣ್ಣ ಗಂಟು ಇಟ್ಟುಕೊಂಡು ಬಂದ; ಬಿಚ್ಚಿ, ಕೊಡವಿ, ಎರಡು ಮೋಟು ಕೋಲು ಚುಚ್ಚಿ, ಮಾತಾಡುತ್ತ ಮಾತಾಡುತ್ತಲೇ ನಿಲ್ಲಿಸಿಬಿಟ್ಟ. ಸೊಂಟದೆತ್ತರದ, ಕವುಚಿಟ್ಟ ಮೊರದಂಥ ಡೇರೆ. ಒಳಗೆ ಒಂದು ದೇಹ ಚಾಚಿಕೊಳ್ಳುವಷ್ಟೇ ಜಾಗ.

“ನೋಡಿ ಸಾಮಿ! ಕ್ಯಾಂಪಲ್ಲಿ ಕಾವಲು ಕಾಯೋನಿಗೆ ಹಾಕ್ತಿದ್ರು. ಒಬ್ರಿಗೆ ಹೇಳಿ ಮಾಡಿಸ್ದಂಗದೆ. ಇದನ್ನ ಆ ಡೇರೆ ಜೊತೆ ಸುಮ್ನೆ ತಗಂಡೋಗಿ, ನನ್ನ ಖುಷಿಗೆ.”

ಎಲ್ಲರ ಮುಖವೂ ಒಟ್ಟಿಗೇ ಅರಳಿತು. ಸೆಖೆಯ ಕೋಣೆಯಲ್ಲಿ ಯಾರೋ ಕಿಟಕಿ ತೆರೆದ ಹಾಗಾಯಿತು.

“ನೋಡೋ! ನಿನಗೇ ಅಂತ ಒಂದು ಮನೆ!” ಎಂದು ಬಸವರಾಜು ಅವನ ಹೆಗಲ ಮೇಲೆ ಕೈ ಹಾಕಿದ. “ಪುಣ್ಯವಂತ ಕಣೋ ನೀನು. ಗೊರಕೆ ಇಲ್ಲ, ಗಲಾಟೆ ಇಲ್ಲ.”

“ನಮ್ಮ ಡೇರೆ ಪಕ್ಕದಲ್ಲೇ ಹಾಕೋಣ,” ಎಂದರು ಸುಮಿತ್ರಮ್ಮ. ಅವರ ಧ್ವನಿ ಇಡೀ ಬೆಳಿಗ್ಗೆಯಲ್ಲಿ ಇದ್ದುದಕ್ಕಿಂತ ಮೃದುವಾಗಿತ್ತು. “ಬೆಳಿಗ್ಗೆ ಕಾಫಿ ಅಲ್ಲಿಗೇ ಕಳಿಸ್ತೀನಿ.”

“ಸದ್ಯ, ಕಾಲು ಚಾಚಬೌದು,” ಎಂದರು ಪುಟ್ಟತಾಯಮ್ಮ.

ಭಾಗ್ಯ ಅದರೊಳಗೆ ತೂರಿ, ಆ ಕಡೆಯಿಂದ ಹೊರಬಂದು, ಮತ್ತೆ ತೂರಿದಳು. “ಕಾರ್ ಮಾಮಂಗೆ ಮರಿ ಡೇರೆ! ಮರಿ ಡೇರೆ!”

ಷಡಕ್ಷರಿ ಅದನ್ನು ನೋಡಿದ. ಹೊಲಿಗೆ ಗಟ್ಟಿಯಾಗಿತ್ತು. ಎಲ್ಲೂ ತೂತಿರಲಿಲ್ಲ. ಅದನ್ನು ಬೇಡವೆನ್ನಲು ಒಂದು ಕಾರಣವೂ ಕಾಣಲಿಲ್ಲ. ಕಾರಿನ ಯಾವ ಮೂಲೆಯಲ್ಲಿ ಬೇಕಾದರೂ ಅದು ಹಿಡಿಯುತ್ತದೆ. ಒಬ್ಬನೇ ಮಡಿಸಬಹುದು, ಒಬ್ಬನೇ ಎತ್ತಬಹುದು, ಒಬ್ಬನೇ ನಿಲ್ಲಿಸಬಹುದು.

ಮರಿಯಯ್ಯ ಕೋಲುಗಳನ್ನು ಕಿತ್ತು, ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಹಗ್ಗ ಸುತ್ತಿ, ಗಂಟನ್ನು ಎರಡೂ ಕೈಯಲ್ಲಿ ಅವನ ಎದೆಯ ಹತ್ತಿರ ಚಾಚಿದ. ಬಾಗಿಣ ಕೊಡುವಂತೆ ಬಗ್ಗಿ, ನಗುತ್ತ. ಬಸವರಾಜುವೂ ನಗುತ್ತಿದ್ದ, ಸುಮಿತ್ರಮ್ಮನೂ. ಆಳುಗಳೂ ಕೆಲಸ ಬಿಟ್ಟು ನೋಡುತ್ತಿದ್ದರು. ಅವನೊಬ್ಬ ಸಂತೋಷಪಟ್ಟರೆ ಎಲ್ಲ ಮುಗಿಯುತ್ತಿತ್ತು.

ಷಡಕ್ಷರಿಯ ಕೈಗಳು ಪಕ್ಕದಲ್ಲೇ ಇಳಿಬಿದ್ದಿದ್ದವು.

“ತಗೊಳೋ,” ಎಂದ ಬಸವರಾಜು.

“ಬೇಡ,” ಎಂದ ಷಡಕ್ಷರಿ. “ನನಗಿದು ಬೇಡ.”