ಮಲ್ಲೇಶ್ವರದ ನಡುಮನೆಯಿಂದ ಒಂದು ತೀರ್ಪು

ಎದುರಿನವರ ಮಾತು ಮುಗಿಯುವ ಮುನ್ನ ತುಟಿ ತೆರೆಯದಿರುವುದು ಬದರೀನಾರಾಯಣರಿಗೆ ವ್ರತದಂತೆ ಮೈಗೂಡಿದ ಅಭ್ಯಾಸ. ಮಲ್ಲೇಶ್ವರದ ಮಾರುಕಟ್ಟೆಯಲ್ಲಿ ಸೊಪ್ಪಿನವಳೂ ಗಿರಾಕಿಯೂ ಜಗಳವಾಡುತ್ತಿದ್ದರೆ, ಕೈಚೀಲವನ್ನು ಕೆಳಗಿಟ್ಟು, ತಲೆಯನ್ನು ಕೊಂಚ ಎಡಕ್ಕೆ ವಾಲಿಸಿ, ಇಬ್ಬರದನ್ನೂ ಕೇಳಿಸಿಕೊಂಡೇ ಅವರು ಮುಂದಡಿಯಿಡುವುದು. “ದೋಸೆ ಸೀದ್ಹೋಯ್ತು ಅಂದ್ರೂ, ಕಾವ್ಲಿ ಕಡೆಯಿಂದ ಏನು ವಾದ ಅಂತ ಕೇಳೋವ್ರು ಇವ್ರು,” ಎಂದು ಪತ್ನಿ ಕೋಕಿಲಾ ನಗುತ್ತಾರೆ.

ಇಲ್ಲಿ ನ್ಯಾಯಾಧೀಶರಾಗಿ ನಿವೃತ್ತರಾದ ಮೇಲೆ, ದೂರಸಾಗರದ ಪುಟ್ಟ ದ್ವೀಪರಾಷ್ಟ್ರವೊಂದು ತನ್ನ ಉಚ್ಚ ನ್ಯಾಯಾಲಯಕ್ಕೆ ಅವರನ್ನು ಕರೆಸಿಕೊಂಡಿತ್ತು. ಅಲ್ಲಿನ ಸರ್ಕಾರ ತನ್ನನ್ನು ಟೀಕಿಸಿದ ಪತ್ರಿಕಾ ಸಂಪಾದಕಿಯೊಬ್ಬಳನ್ನು ಸೆರೆಗೆ ಹಾಕಿತು. ಆಕೆಯ ಬಿಡುಗಡೆಯ ಅರ್ಜಿಯ ಮೇಲೆ ವಾದಗಳನ್ನೆಲ್ಲ ಆಲಿಸಿದ ಬದರೀನಾರಾಯಣರು, ತೀರ್ಪು ನುಡಿಯುವ ಮೊದಲು, ತಂದೆಯ ಶ್ರಾದ್ಧಕ್ಕೆಂದು ಮನೆಗೆ ಬಂದರು. ಬಂದ ಬೆನ್ನಲ್ಲೇ ಆ ಸರ್ಕಾರ ಅವರ ವೀಸಾವನ್ನು ರದ್ದುಗೊಳಿಸಿತು. ನ್ಯಾಯಾಧೀಶ ಮರಳದಿದ್ದರೆ ತೀರ್ಪಿಲ್ಲ, ತೀರ್ಪಿಲ್ಲದೆ ಬಿಡುಗಡೆಯಿಲ್ಲ ಎಂಬುದು ಅದರ ಎಣಿಕೆ.

“ಬೇರೆ ದೇಶದ ಉಸಾಬರಿ ನಿಮಗ್ಯಾಕೆ ಸಾರ್? ಒಂದು ರಾಜೀನಾಮೆ ಬಿಸಾಕಿ, ಆರಾಮಾಗಿರಿ,” ಎಂದರು ನೆರೆಮನೆಯ ಶ್ರೀನಿವಾಸಯ್ಯ.

ಅವರ ಮಾತು ಮುಗಿಯುವವರೆಗೂ ಕಾದು ಬದರೀನಾರಾಯಣರು ಹೇಳಿದರು: “ಕಿತ್ಕೊಂಡಿರೋದು ವೀಸಾ, ಹುದ್ದೆ ಅಲ್ವಲ್ಲ ಸ್ವಾಮಿ. ವಾದ ಕೇಳಿದೋನು ನಾನು. ಕೇಳ್ಬಿಟ್ಟು ಸುಮ್ನೆ ಕೂತ್ರೆ, ಜೈಲಲ್ಲಿರೋಳು ಯಾರನ್ನ ಕೇಳ್ಬೇಕು?”

ದ್ವೀಪದ ಮುಖ್ಯ ನ್ಯಾಯಮೂರ್ತಿಯೂ ಅಳುಕುವವರಾಗಿರಲಿಲ್ಲ. ವಿಡಿಯೊ ಮೂಲಕ ತೀರ್ಪು ನುಡಿಯಲು ಅವರು ಅನುಮತಿಯಿತ್ತರು. ಗೊತ್ತುಪಡಿಸಿದ ದಿನ ಮುಂಜಾನೆ ಬದರೀನಾರಾಯಣರು ಸಂಧ್ಯಾವಂದನೆ ಮುಗಿಸಿ, ಉಟ್ಟ ಪಂಚೆಯ ಮೇಲೆಯೇ ಕರಿಯ ಕೋಟು ತೊಟ್ಟು, ನಡುಮನೆಯ ಮೇಜಿನ ಮುಂದೆ ಕುಳಿತರು.

“ರೀ, ಎದ್ದುಗಿದ್ದೀರಾ! ಪಂಚೆ ಕಾಣತ್ತೆ,” ಎಂದು ಪಿಸುಗುಟ್ಟಿ ಕೋಕಿಲಾ ಅಡುಗೆಮನೆಗೆ ಸರಿದರು.

ಸಂಪಾದಕಿಯನ್ನು ಸೆರೆಯಲ್ಲಿಟ್ಟದ್ದು ಕಾನೂನಿಗೆ ವಿರುದ್ಧ, ಆಕೆಯನ್ನು ಕೂಡಲೇ ಬಿಡತಕ್ಕದ್ದು ಎಂದು ಅವರು ಮಂತ್ರೋಚ್ಚಾರಣೆಯ ನಿಧಾನದಲ್ಲಿ ನುಡಿದರು. ಅವರು ಕಾಲಿಡದಂತೆ ಬಾಗಿಲು ಮುಚ್ಚಿದ್ದ ಸರ್ಕಾರದ ವಕೀಲನೇ ಆಗ ಪರದೆಯ ಆಚೆ ಎದ್ದು, ತಲೆಬಾಗಿ, “ಆಜ್ಞೆಯನ್ನು ಪಾಲಿಸುತ್ತೇವೆ,” ಎಂದ. ಬದರೀನಾರಾಯಣರು ಮಡದಿಯ ಎಚ್ಚರಿಕೆಯನ್ನು ಮರೆತು, ಪಂಚೆಯಲ್ಲೇ ಎದ್ದು ನಿಂತು, ಪ್ರತಿವಂದನೆ ಸಲ್ಲಿಸಿದರು.

ಸಂಜೆಯ ಹೊತ್ತಿಗೆ ಸಂಪಾದಕಿ ಹೊರಬಂದಳೆಂಬ ಸುದ್ದಿ ತಲುಪಿತು. ಅವರ ಅಧಿಕಾರಾವಧಿಯನ್ನೇನೋ ಆ ದೇಶ ಮುಂದುವರಿಸಲಿಲ್ಲ. ಅದನ್ನು ಅವರು ನಿರೀಕ್ಷಿಸಿಯೂ ಇರಲಿಲ್ಲ.

ಇಂಥ ನ್ಯಾಯಾಧೀಶರ ಬಳಿ ಸೈನ್ಯವಿಲ್ಲ, ಬೊಕ್ಕಸವಿಲ್ಲ. ಅವರ ನುಡಿಯನ್ನು ನಡೆಸಿಕೊಡಬೇಕಾದವರು ಬಹುಮಟ್ಟಿಗೆ ಅದರಿಂದ ಸೋತವರೇ. ಆದರೂ, ಎಂಥ ಬಲಶಾಲಿಯ ಒಳಗೂ ಧರ್ಮಕ್ಕೆ ತಲೆಬಾಗಬಲ್ಲ ಮನುಷ್ಯನೊಬ್ಬನಿದ್ದಾನೆಂದು ನಂಬಿ ಅವರು ನುಡಿಯುತ್ತಾರೆ. ಆ ನಂಬಿಕೆಯೇ ಅನೇಕ ವೇಳೆ ಅವನನ್ನು ಎಬ್ಬಿಸಿ ನಿಲ್ಲಿಸುತ್ತದೆ.