ಮೀನಿಗೆ ನೀರೆರೆದ ದೊಡ್ಡತಾಯಮ್ಮ

ದೊಡ್ಡತಾಯಮ್ಮನವರು ನೀರನ್ನು ಎಂದೂ ಬೆರಳಿನಿಂದ ಮುಟ್ಟಿ ನೋಡಿದವರಲ್ಲ. ಅವರು ನೀರನ್ನು ವಿಚಾರಿಸಿಕೊಳ್ಳುವುದು ಬಲಗೈಯ ಮೊಣಕೈಯಿಂದ. ಹಂಡೆಯ ನೀರಿರಲಿ, ತೊಟ್ಟಿಯ ನೀರಿರಲಿ, ಕರುವಿಗೆಂದು ಬೆಚ್ಚಗೆ ಮಾಡಿಟ್ಟ ಬಕೆಟ್ಟಿನ ನೀರೇ ಇರಲಿ, ಅದರ ಮುಂದೆ ನಿಂತರೆಂದರೆ ಕೈ ಮಡಿಚಿ, ಮೈಯನ್ನು ಒಂದು ಪಕ್ಕಕ್ಕೆ ವಾಲಿಸಿ, ಮೊಣಕೈಯ ತುದಿಯನ್ನು ನೀರಿಗಿಳಿಸಿ, ಕಣ್ಣು ಮುಚ್ಚಿ, ಮೂರು ಉಸಿರಿನಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ‘ಊಂ’ ಎಂದೋ ‘ಊಹೂಂ’ ಎಂದೋ ತೀರ್ಪು ಕೊಡುತ್ತಾರೆ. ಆ ತೀರ್ಪಿನ ಮೇಲೆ ಅಪೀಲು ಇಲ್ಲ. ಅಂತರಸಂತೆಯ ಸುತ್ತಿನ ಹತ್ತಾರು ಊರುಗಳ ಬಾಣಂತಿಯರಿಗೂ ಹಸುಗೂಸುಗಳಿಗೂ ಐವತ್ತು ವರ್ಷ ನೀರು ಹಾಕಿದ ಮೊಣಕೈ ಅದು. ತಣ್ಣೀರಿಗೆ ಅಳದ, ಬಿಸಿನೀರಿಗೆ ಕೆಂಪಾಗದ ಸಾವಿರ ಮಕ್ಕಳು ಅದಕ್ಕೆ ಸಾಕ್ಷಿ.

ಆ ಮೊಣಕೈಯ ಸೌಕರ್ಯಕ್ಕಾಗಿ ಒಂದು ಕೋಟೂ ತನ್ನ ಅಂಗವನ್ನು ತ್ಯಾಗ ಮಾಡಿದೆ. ಅವರ ಯಜಮಾನರು ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿದ್ದವರು. ಅವರು ತೀರಿಕೊಂಡ ಮೇಲೆ ಉಳಿದ ದಪ್ಪ ಖಾಕಿ ಕೋಟನ್ನು ದೊಡ್ಡತಾಯಮ್ಮ ಸೀರೆಯ ಮೇಲೆಯೇ ತೊಟ್ಟುಕೊಂಡು, ಎಡತೋಳನ್ನು ಹಾಗೆಯೇ ಬಿಟ್ಟು, ಬಲತೋಳನ್ನು ಮಾತ್ರ ಮೊಣಕೈಗಿಂತ ಮೇಲಕ್ಕೆ ಕತ್ತರಿಸಿ ಹೊಲಿದುಕೊಂಡಿದ್ದಾರೆ. ಮಣೆಯ ಮೇಲೆ ಕೂತು, ನೀಡಿದ ಕಾಲುಗಳ ಮೇಲೆ ಮಗುವನ್ನು ಮಲಗಿಸಿಕೊಂಡು ಎರೆದೂ ಎರೆದೂ ನಡಿಗೆಯಲ್ಲಿ ಕಾಲುಗಳು ಅಗಲವಾಗಿವೆ. ಆ ಒಂದೂವರೆ ತೋಳಿನ ಕೋಟಿನಲ್ಲಿ, ಆ ಅಗಲ ಹೆಜ್ಜೆಯಲ್ಲಿ ಅವರು ಬೀದಿಯಲ್ಲಿ ಬರುತ್ತಿದ್ದರೆ ದೂರದ ತಿರುವಿನಲ್ಲೇ ಗುರುತು ಸಿಗುತ್ತದೆ.

ಅವರು ಮಾತ್ರ ಯಾರನ್ನೂ ಮುಖದಿಂದ ಗುರುತಿಸುವುದಿಲ್ಲ. ಮೊದಲು ನೋಡುವುದು ಮೂಗು, ಆಮೇಲೆ ತಲೆ. ಎಣ್ಣೆಗೈಯಲ್ಲಿ ನೀವಿ ನೀವಿ ತಾವೇ ತಿದ್ದಿದ ಮೂಗುಗಳು ಈಗ ಮೀಸೆ ಹೊತ್ತು ತಿರುಗುತ್ತಿವೆಯಲ್ಲ! ಒಮ್ಮೆ ಪಂಚಾಯಿತಿಯ ಮೆಂಬರು ಧ್ವಜ ಹಾರಿಸಿ ಗಂಭೀರವಾಗಿ ಭಾಷಣ ಮಾಡುತ್ತಿದ್ದಾಗ, ಜನರ ನಡುವಿನಿಂದ ಇವರ ಧ್ವನಿ ಬಂತು: “ಆ ಮೂಗು ನಂದು ಕಣ್ಲಾ. ಹುಟ್ದಾಗ ಬೋಂಡ ಇದ್ದಂಗಿತ್ತು.” ಭಾಷಣ ಅಲ್ಲಿಗೆ ಮುಗಿಯಿತು. ಮೈಸೂರಿನ ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾಗಿ, ಚಳಿಗಾಲದಲ್ಲಿ ಚಿಕ್ಕಪ್ಪನ ಮಗ ಚೆಲುವರಾಜುವಿನ ಮನೆಗೆ ಬಂದು ತಿಂಗಳುಗಟ್ಟಲೆ ಕೂರುವ ನನಗೂ ವಿನಾಯಿತಿ ಸಿಕ್ಕಲಿಲ್ಲ. ನನ್ನ ನೆತ್ತಿಯನ್ನು ನಾಲ್ಕು ಕಡೆಯಿಂದ ನೋಡಿ, “ಈ ತಲೆ ನಂದಲ್ಲ ಬುಡಪ್ಪ. ಮೈಸೂರಲ್ಲಿ ಯಾರೋ ಅವಸರದಲ್ಲಿ ನೀರು ಉಯ್ದವ್ರೆ” ಎಂದುಬಿಟ್ಟರು.

ಇಂಥ ದೊಡ್ಡತಾಯಮ್ಮನವರನ್ನು ಕೆಲವು ವರ್ಷಗಳಿಂದ ಕರೆಯುವವರೇ ಇಲ್ಲವಾದರು. ಹೆರಿಗೆಗಳು ಆಸ್ಪತ್ರೆ ಸೇರಿದವು. ಮೂಗು ನೀವಬೇಡಿ, ಕಿವಿಗೆ ಎಣ್ಣೆ ಬಿಡಬೇಡಿ ಎಂದು ಡಾಕ್ಟರು ಹೇಳಿದರು, ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಹಂಡೆಗಳು ಅಟ್ಟ ಸೇರಿ ಗೀಸರುಗಳು ಗೋಡೆ ಹತ್ತಿದವು. ಅವರ ಬಳಿ ಎರಡು ಚೊಂಬುಗಳಿದ್ದವು, ತಾಮ್ರದ್ದೊಂದು, ಸ್ಟೀಲಿನದೊಂದು. ಬಾಣಂತಿಯ ಬೆನ್ನಿಗೆ ನೀರು ಹಾಕುವಾಗ ಒಂದು ಚೊಂಬು ಬರಿದಾಗುವ ಮುನ್ನ ಇನ್ನೊಂದು ತುಂಬಿ ಮೇಲೆ ಬಂದಿರಬೇಕು, ಧಾರೆ ಕಡಿಯಬಾರದು, ಕಡಿದರೆ ಗಾಳಿ ತಗುಲಿ ಮೈ ನಡುಗುತ್ತದೆ ಎಂಬುದು ಅವರ ಶಾಸ್ತ್ರ. ಕೆಲಸವಿಲ್ಲದ ಆ ಚೊಂಬುಗಳನ್ನು ಅವರು ಪ್ರತಿ ಶುಕ್ರವಾರ ಹುಣಸೆಹಣ್ಣು ಹಚ್ಚಿ ಬೆಳಗಿ, ಬಿಸಿಲಿಗಿಟ್ಟು, ಮತ್ತೆ ಗೂಡಿಗೆ ಸೇರಿಸುತ್ತಿದ್ದರು. ಯಾರಾದರೂ ಕೇಳಿದರೆ, “ಇರ್ಲಿ ಕಣವ್ವ, ಕೂಗುದ್ರೆ ಇರ್ಬೇಕಲ್ಲ” ಎನ್ನುತ್ತಿದ್ದರು. ಅವರಿಗೆ ದುಃಖವಾಗಿತ್ತು. ಅದನ್ನು ಮುಚ್ಚಿಡಲು ಅವರಿಗೆ ಬರುತ್ತಿರಲಿಲ್ಲ, ಹೇಳಿಕೊಳ್ಳಲೂ ಬರುತ್ತಿರಲಿಲ್ಲ.

ಕೂಗು ಬಂದದ್ದು ಯಾರೂ ಎಣಿಸದ ದಿಕ್ಕಿನಿಂದ. ಚೆಲುವರಾಜುವಿನ ಹೆಂಡತಿ ಪದ್ಮಶ್ರೀ ಬಾವಿಯ ಪಕ್ಕದಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದು ಹಸಿರುಮನೆ ಕಟ್ಟಿ, ಒಳಗೆ ತೊಟ್ಟಿಗಳಲ್ಲಿ ರೂಪ್‌ಚಂದ್ ಮೀನು ಬಿಟ್ಟಿದ್ದಳು. ಮೀನಿನ ಗಲೀಜು ಬೆರೆತ ನೀರು ಜಲ್ಲಿ ತುಂಬಿದ ಮಡಿಗಳಿಗೆ ಹರಿದು, ಅಲ್ಲಿನ ಪಾಲಕ್ಕು ಪುದೀನ ಆ ಸಾರವನ್ನು ಉಂಡು, ತಿಳಿಯಾದ ನೀರು ಮತ್ತೆ ಮೀನಿನ ತೊಟ್ಟಿಗೇ ಬರುವ ಚಕ್ರ ಅದು. ಮಣ್ಣಿಲ್ಲದೆ ಸೊಪ್ಪು, ಕೆರೆಯಿಲ್ಲದೆ ಮೀನು. ಆದರೆ ರೂಪ್‌ಚಂದಿಗೆ ಚಳಿ ಆಗದು. ಮೊದಲ ವರ್ಷದ ಪುಷ್ಯಮಾಸದಲ್ಲಿ ಕಾಡಿನ ಕಡೆಯಿಂದ ಇಳಿದ ಚಳಿಗೆ ಮರಿಗಳೆಲ್ಲ ಸತ್ತು ತೇಲಿದವು. ಚೆಲುವರಾಜು ಕೂಗಾಡುವ ಗಂಡನಲ್ಲ, ಮೆಲ್ಲಗೇ ಹೇಳಿದ: “ಇನ್ನೊಂದು ಸಲ ನೋಡುವ. ಆ ಮರೀನೂ ಹೋದ್ರೆ ಶೆಡ್ ಬಿಚ್ಚಿ ರಾಗಿ ಚೆಲ್ಬುಡ್ತೀನಿ.” ಎರಡನೆಯ ಸಲ ತಂದ ನಾನೂರು ಮರಿಗಳ ಮೇಲೆ ಪದ್ಮಶ್ರೀಯ ಜೀವವೆಲ್ಲ ನಿಂತಿತ್ತು.

ಆಗ ಹುಣಸೂರಿನಿಂದ ಬಂದವರು ಸೋಲಾರ್ ಮೆಕ್ಯಾನಿಕ್ ಅಹಮದ್ ಪಾಷಾ. ನರ್ಸಿಂಗ್ ಹೋಮೊಂದು ಹೊಸ ಕಟ್ಟಡಕ್ಕೆ ಹೋದಾಗ ಹಳೆಯ ಚಾವಣಿಯಿಂದ ಬಿಚ್ಚಿದ ನಾಲ್ಕು ಸೋಲಾರ್ ಪ್ಯಾನೆಲುಗಳನ್ನೂ ಸಾವಿರ ಲೀಟರಿನ ಬಿಸಿನೀರಿನ ಟ್ಯಾಂಕನ್ನೂ ಅವರು ಗುಜರಿಗೆ ಹಾಕದೆ ಉಳಿಸಿಕೊಂಡಿದ್ದರು. ಕೊಳವೆಗಳಲ್ಲಿ ಕಟ್ಟಿದ ಸುಣ್ಣವನ್ನು ಆಸಿಡ್ಡಿನಲ್ಲಿ ತೊಳೆದು, ಒಡೆದ ಗಾಜು ಬದಲಿಸಿ, ಟೆಂಪೋದಲ್ಲಿ ತಂದು ನಿಲ್ಲಿಸಿದರು. ನೋಡಲು ಬಂದ ದೊಡ್ಡತಾಯಮ್ಮ ಟ್ಯಾಂಕಿನ ಪೂರ್ವಾಪರ ವಿಚಾರಿಸಿದರು.

“ಆಸ್ಪತ್ರೇದು ಅಮ್ಮಾ. ಬಾಣಂತಿ ವಾರ್ಡಿಗೆಲ್ಲಾ ಇದೇ ಬಿಸಿನೀರು ಕೊಡ್ತಿತ್ತು” ಎಂದರು ಪಾಷಾ.

ದೊಡ್ಡತಾಯಮ್ಮ ಆ ಟ್ಯಾಂಕಿಗೆ ಎರಡು ಸುತ್ತು ಬಂದು, ಅದರ ಹೊಟ್ಟೆಗೊಂದು ಪೆಟ್ಟು ಕೊಟ್ಟು, “ಓಹೋ, ನೀನೇನಪ್ಪ ಅದು!” ಎಂದರು. ಎಲ್ಲರೂ ನಕ್ಕರು, ಅವರೂ ನಕ್ಕರು.

ಪ್ಯಾನೆಲಿನ ಒಳಗೆ ತಾಮ್ರದ ಕೊಳವೆಗಳಿದ್ದವು. ಆ ನೀರು ನೇರವಾಗಿ ತೊಟ್ಟಿಗೆ ಬೀಳುವಂತಿಲ್ಲವೆಂದು ಪಾಷಾ ಅದನ್ನು ಕರಿಯ ಪ್ಲಾಸ್ಟಿಕ್ ಪೈಪಿನಲ್ಲಿ ಹರಿಸಿ, ಆ ಪೈಪನ್ನು ತೊಟ್ಟಿಯ ತಳದಲ್ಲಿ ಚಕ್ಕುಲಿಯಂತೆ ಸುತ್ತಿ ಹಾಕಿದರು. ಬಿಸಿ ಮಾತ್ರ ಮೀನಿಗೆ, ನೀರು ಮತ್ತೆ ಬಿಸಿಲಿಗೆ. “ತಾಮ್ರದ ನೀರು ಮೀನಿಗೆ ತಾಕಿದ್ರೆ ಖಲಾಸ್ ಅಮ್ಮಾ” ಎಂದರು. ದೊಡ್ಡತಾಯಮ್ಮನಿಗೆ ಇದು ಒಪ್ಪಿಗೆಯಾಗಲಿಲ್ಲ. “ತಾಮ್ರದ ಅಂಡೆ ನೀರು ಕೂಸಿಗೆ ಆಯ್ತದೆ, ಮೀನಿಗ್ಯಾಕೆ ಆಗಕಿಲ್ಲ?” ಎಂದು ಬಹಳ ಹೊತ್ತು ಗೊಣಗಿದರು. ಕೊನೆಯಲ್ಲಿ ಪಾಷಾ ಒಂದು ವಾಲ್ವ್ ತೋರಿಸಿ, ಚಳಿ ಬಿದ್ದಾಗ ಇದನ್ನು ಹದ ನೋಡಿಕೊಂಡು ತಿರುಗಿಸುವವರು ಒಬ್ಬರು ಬೇಕು ಎಂದದ್ದೇ ತಡ, ನಾವೆಲ್ಲರೂ ಒಂದೇ ಕಡೆ ತಿರುಗಿದೆವು. ಮಾರನೆಯ ಬೆಳಗ್ಗೆ ಕೋಟು ತೊಟ್ಟು, ಬೆಳಗಿದ ಎರಡು ಚೊಂಬುಗಳನ್ನು ಕಂಕುಳಲ್ಲಿಟ್ಟುಕೊಂಡು, ದೊಡ್ಡತಾಯಮ್ಮ ಹಸಿರುಮನೆಯ ಬಾಗಿಲಲ್ಲಿ ಹಾಜರು. ಮೀನಿಗೆ ಚೊಂಬು ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಸಂಕ್ರಾಂತಿಗೆ ಮುಂಚಿನ ಒಂದು ಮಧ್ಯಾಹ್ನ ಗಂಡ ಹೆಂಡತಿ ಮೀನಿನ ಆಹಾರ ತರಲು ಹ್ಯಾಂಡ್‌ಪೋಸ್ಟ್ ಪೇಟೆಗೆ ಹೋಗಿದ್ದರು, ಹಸಿರುಮನೆಯಲ್ಲಿ ದೊಡ್ಡತಾಯಮ್ಮನೂ ನಾನೂ ಮಾತ್ರ. ಬೆಳಗಿನಿಂದ ಚೆನ್ನಾಗಿ ಕಾಯ್ದ ಬಿಸಿಲು ಮೋಡಕ್ಕೆ ಸಿಕ್ಕಿ, ಕುಳಿರ್ಗಾಳಿ ಎದ್ದಿತು. ದೊಡ್ಡತಾಯಮ್ಮ ಮೊಣಕೈ ಅದ್ದಿ “ಊಹೂಂ” ಎಂದು ವಾಲ್ವನ್ನು ಕೊಂಚ ತಿರುಗಿಸಿದರು. ಮತ್ತೆ ಅದ್ದಿದರು, ಮತ್ತೆ ತಿರುಗಿಸಿದರು. ಕೊನೆಗೆ ಪೂರ್ತಿಯೇ ಬಿಟ್ಟರು. ಸಂಜೆಯ ಹೊತ್ತಿಗೆ ಅವರ ಮೊಣಕೈಗೆ ಆ ಚಿರಪರಿಚಿತ ಸುಖ ಸಿಕ್ಕಿತು, ಹತ್ತು ದಿನದ ಕೂಸಿಗೆ ಹೇಳಿ ಮಾಡಿಸಿದ ಹದ. “ಊಂ” ಎಂದು ಕಾಲು ನೀಡಿ ಕೂತರು. ಅಷ್ಟರಲ್ಲಿ ಕರೆಂಟು ಹೋಗಿ, ತೊಟ್ಟಿಗೆ ಗಾಳಿಯೂದುವ ಪಂಪು ನಿಂತಿತ್ತು. ಓದಿದವನಾದ ನಾನು ಆ ನಿಶ್ಶಬ್ದ ಎಷ್ಟು ಹಿತವಾಗಿದೆ ಎಂದುಕೊಂಡೆ. ಮರಿಗಳು ಒಂದೊಂದಾಗಿ ಮೇಲೆ ಬಂದು ಬಾಯಿ ಕಳೆಯತೊಡಗಿದವು. “ನೋಡಪ್ಪ, ಬೆಚ್ಚಗಾಯ್ತು, ಅಸಿವು ಸುರುವಾಯ್ತು” ಎಂದು ಅವರು ಮುಗುಳುನಕ್ಕರು. ನಾನೂ ಹೌದೆಂದೆ.

ಪೇಟೆಯಿಂದ ಹಿಂದಿರುಗಿದ ಪದ್ಮಶ್ರೀ ಬಾಗಿಲಲ್ಲೇ ಚೀಲವನ್ನು ಕೆಳಗೆ ಬಿಟ್ಟಳು. “ಅಯ್ಯೋ ಅಜ್ಜಿ, ಅಸಿವಲ್ಲ ಅದು! ನೀರು ಕಾದ್ಬುಟ್ಟದೆ, ಗಾಳಿ ಪಂಪೂ ನಿಂತೋಗದೆ, ಉಸ್ರು ಸಿಕ್ತಾ ಇಲ್ಲ ಅವಕ್ಕೆ!” ಎಂದು ಓಡಿಬಂದು ವಾಲ್ವ್ ಮುಚ್ಚಿದಳು. ಆಗಲೇ ಕೆಲವು ಮರಿಗಳು ಹೊಟ್ಟೆ ಮೇಲಾಗಿದ್ದವು.

ದೊಡ್ಡತಾಯಮ್ಮನ ಮುಖ ಕಪ್ಪಿಟ್ಟಿತು. ಉಸಿರು ಎಂಬ ಮಾತು ಮಾತ್ರ ಅವರಿಗೆ ಅರ್ಥವಾಯಿತು. ಉಸಿರಾಡಲು ತಡಮಾಡಿದ ಕೂಸುಗಳನ್ನು ಅವರು ಎಷ್ಟು ಕಂಡಿಲ್ಲ! ಚೆಲುವರಾಜು ಡ್ರಮ್ಮಿನ ತಣ್ಣೀರನ್ನು ಬಕೆಟ್ಟಿನಲ್ಲಿ ತಂದು ಸುರಿಯಲು ಹೋದ. “ಒಂದೇ ಸಲ ಸುರೀಬ್ಯಾಡ ಕಣ್ಲಾ, ಬೆಚ್ಚಿಬೀಳ್ತವೆ!” ಎಂದು ಗದರಿ ಎದ್ದವರು ತಾಮ್ರದ ಚೊಂಬಿಗೆ ಕೈಹಾಕಿ, ಪಾಷಾರ ಮಾತು ನೆನಪಾಗಿ ಅದನ್ನು ಆಚೆ ತಳ್ಳಿ, ಸ್ಟೀಲಿನದನ್ನೂ ನಾನು ನೀರು ಕುಡಿಯುತ್ತಿದ್ದ ಇನ್ನೊಂದು ಚೊಂಬನ್ನೂ ತೆಗೆದುಕೊಂಡರು. ಒಂದು ಖಾಲಿಯಾಗುವ ಮುನ್ನ ಇನ್ನೊಂದು. ಭುಜದೆತ್ತರದಿಂದ, ಕಡಿಯದ ಧಾರೆ. ಅದು ಬಿದ್ದ ಕಡೆ ನೀರು ನೊರೆಗಟ್ಟಿ ಆಳಕ್ಕೆ ಗುಳ್ಳೆಗಳನ್ನು ಒಯ್ಯುತ್ತಿತ್ತು. “ಅಂಗೇ ಉಯ್ಯಿ ಅಜ್ಜಿ, ಎತ್ತರದಿಂದ್ಲೇ ಉಯ್ಯಿ, ಗಾಳಿ ಒಳಕ್ಕೋಗ್ತಾ ಅದೆ!” ಎಂದು ಪದ್ಮಶ್ರೀ ಕೂಗಿದಳು. ಚೆಲುವರಾಜು ನಡುವೆ ಸ್ವಲ್ಪ ಹೊತ್ತು ಚೊಂಬು ಇಸಿದುಕೊಂಡ. ಅವನ ಧಾರೆ ಮೂರನೆಯ ಸುತ್ತಿಗೇ ಕಡಿಯಿತು, ಅವರು ಕಿತ್ತುಕೊಂಡರು. ಎಪ್ಪತ್ನಾಲ್ಕು ವರ್ಷದ ಆ ತೋಳುಗಳು ಒಂದು ಗಂಟೆಗೂ ಹೆಚ್ಚು ಹೊತ್ತು ಬಿಡುವಿಲ್ಲದೆ ನೀರು ಹೊಯ್ದವು. ಹೊಸ ನೀರಿಗೆ ಜೀವ ಬಂದು ಮರಿಗಳು ಒಂದೊಂದಾಗಿ ತಳಕ್ಕಿಳಿದವು. ಕರೆಂಟು ಬಂದು ಪಂಪು ಬುಳುಬುಳು ಎನ್ನುವಾಗ ನಾನೂರರಲ್ಲಿ ಹೋದವು ಹನ್ನೊಂದು ಮಾತ್ರ.

ಯಾರೂ ಬೈಯಲಿಲ್ಲ. ಅವರೇ ಮಾತೆತ್ತಿದರು: “ತಪ್ಪು ನಂದೇ ಕಣವ್ವ. ನಂಗೆ ಇತವಾಗಿದ್ದು ಇವಕ್ಕೂ ಇತ ಅಂದ್ಕಬುಟ್ಟೆ.” ಆಮೇಲೆ ಅದೇ ಮೊಣಕೈಯನ್ನು ನೀರಿಗಿಳಿಸಿ, “ಈಗ ಸರಿಯಾಯ್ತಾ?” ಎಂದು ಕೇಳಿದರು. ಪದ್ಮಶ್ರೀ ಥರ್ಮಾಮೀಟರು ನೋಡಿ, ಸರಿಯಾಗಿದೆ ಎಂದಳು. “ಇಷ್ಟು ತಣ್ಣಗಾ?” ಎಂದು ಅಚ್ಚರಿಪಟ್ಟು, ತೋಳಿನ ಮೇಲೆ ಚಳಿಗುಳ್ಳೆ ಏಳುತ್ತಿದ್ದರೂ ತೆಗೆಯದೆ, ಕಣ್ಣು ಮುಚ್ಚಿ, ಮೊದಲ ದಿನ ಅಕ್ಷರ ತಿದ್ದುವವರ ಶ್ರದ್ಧೆಯಿಂದ ಬಹಳ ಹೊತ್ತು ಹಾಗೆಯೇ ನಿಂತಿದ್ದರು.

ಈಗ ಶಿವರಾತ್ರಿ ಕಳೆದಿದೆ. ಮರಿಗಳು ಅಂಗೈಯಗಲ ಬೆಳೆದಿವೆ. ರಾಗಿಯ ಮಾತನ್ನು ಚೆಲುವರಾಜು ಎತ್ತುತ್ತಿಲ್ಲ. ಪ್ರತಿ ಬೆಳಗ್ಗೆ ದೊಡ್ಡತಾಯಮ್ಮ ಬಂದು ಮೊಣಕೈ ಅದ್ದುತ್ತಾರೆ, ತಮಗೆ ಸಣ್ಣಗೆ ನಡುಕ ಬಂದರೆ “ಊಂ” ಎನ್ನುತ್ತಾರೆ. ಆಮೇಲೆ ಪದ್ಮಶ್ರೀಯಿಂದ ಥರ್ಮಾಮೀಟರು ಓದಿಸಿ, “ಪರವಾಗಿಲ್ಲ, ಕಡ್ಡಿ ಇವತ್ತು ಸರ್ಯಾಗೇ ಏಳ್ತು” ಎಂದು ಅದಕ್ಕೂ ಒಂದು ಶಹಭಾಸ್ ಕೊಡುತ್ತಾರೆ. ಇವಕ್ಕೆ ತಿದ್ದಲು ಮೂಗಿಲ್ಲವಲ್ಲ ಎಂಬುದೊಂದೇ ಅವರಿಗೆ ಉಳಿದಿರುವ ಕೊರಗು.

ಒಂದು ವಿದ್ಯೆಯಲ್ಲಿ ನುರಿತವರನ್ನು ನಾನು ಬಹಳ ಕಂಡಿದ್ದೇನೆ. ತಮ್ಮ ಮೊಣಕೈಗೆ ಹಿತವಾದದ್ದೇ ಲೋಕಕ್ಕೆಲ್ಲ ಹಿತವೆಂದು ನಂಬಿ, ಕೆಳಗಿರುವವರು ಬಾಯಿ ಕಳೆದರೆ ಅದನ್ನು ಹಸಿವೆಂದೋ ಹೊಗಳಿಕೆಯೆಂದೋ ಎಣಿಸಿ, ನಿಶ್ಚಿಂತೆಯಿಂದ ಬಿಸಿನೀರು ಬಿಡುತ್ತಲೇ ಹೋಗುವವರು ನಮ್ಮಲ್ಲಿ ಹೆಚ್ಚು. ಮೂವತ್ತು ವರ್ಷ ಮಕ್ಕಳ ಮುಂದೆ ನಿಂತ ನಾನೂ ಅವರಲ್ಲೊಬ್ಬ. ದೊಡ್ಡತಾಯಮ್ಮನಂಥವರು ಬಹಳ ಕಡಿಮೆ. ಬೇರೊಂದು ಜೀವದ ಸುಖವೇ ಅವರ ವಿದ್ಯೆಯ ಅಳತೆಯಾದ್ದರಿಂದ, ಅರ್ಧ ಶತಮಾನ ತಿದ್ದಿದ ಹದವನ್ನೂ ಒಂದೇ ಸಂಜೆಯಲ್ಲಿ ಬಿಟ್ಟುಕೊಟ್ಟು, ತಮ್ಮ ಮೈ ನಡುಗುವ ನೀರಿನಲ್ಲಿ ಕೈಯಿಟ್ಟುಕೊಂಡು ಅವರು ಸಂತೋಷವಾಗಿರಬಲ್ಲರು.